ನಿಮಗಿದು ಗೊತ್ತೆ? ಗಾಳ ಹಾಕುವುದಕ್ಕೂ ದೊರೆಯ ಪಾಠ!

● ಗದಗ, ಲಕ್ಷ್ಮೇಶ್ವರದ ಸೀಮೆಗೆ ಕಡಲು ದೂರ. ಆದರೆ ಈ ಸೀಮೆಯನ್ನು ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ಮೀನಿಗೆ ಗಾಳ ಹಾಕುವ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾನೆ.

● 12ನೇ ಶತಮಾನದ ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ 100 ಅಧ್ಯಾಯಗಳಿವೆ. ಅದರ ‘ಮತ್ಸ್ಯವಿನೋದ’ದಲ್ಲಿ ಕಡಲ ಮೀನು ಯಾವುದು, ಹೊಳೆ ಮೀನು ಯಾವುದು, ಯಾವುದಕ್ಕೆ ಏನು ತಿನ್ನಿಸಬೇಕು ಎಂಬುದೆಲ್ಲ ಇದೆ.

● ಗಾಳದ ಮೀನುಬೇಟೆ ಕುರಿತ ಮೊದಲ ಇಂಗ್ಲಿಷ್ ಬರಹ ಅಚ್ಚಾದದ್ದು 1496ರಲ್ಲಿ. ಅಂದರೆ ನಮ್ಮ ದೊರೆ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಮುಂದಿದ್ದ!

● ಇಂದು ಉಷ್ಣವಲಯದ ಆಳವಿಲ್ಲದ ಕಡಲಲ್ಲಿ ‘ಫ್ಲೈ ಫಿಶಿಂಗ್’ ಎಂಬ ವಿನೋದವಿದೆ. ಇದಕ್ಕೆ ಎರೆಹುಳು ಬೇಡ. ಗಾಳಕ್ಕೆ ಗರಿ, ಕೂದಲು ಸುತ್ತಿ ಸೀಗಡಿಯ ವೇಷ ಹಾಕುತ್ತಾರೆ. ಅದು ತೀರಾ ಹಗುರ. ಚಾಟಿಯಂತೆ ಬೀಸಿದಾಗ ದಪ್ಪ ದಾರದ ಭಾರವೇ ಅದನ್ನು ದೂರ ಒಯ್ಯುತ್ತದೆ.

● ಮೊಣಕಾಲುದ್ದ ನೀರಿನಲ್ಲಿ ಸದ್ದಿಲ್ಲದೆ ನಿಂತು ‘ಬೋನ್‌ಫಿಶ್’ ಎಂಬ ಮೀನಿಗೆ ಕಾಯಬೇಕು. ಬೆಳ್ಳಿ ಮೈ ಕನ್ನಡಿಯಂತಿರುವುದರಿಂದ ಮೀನಿಗಿಂತ ಮೊದಲು ಮರಳ ಮೇಲಿನ ಅದರ ನೆರಳೇ ಕಣ್ಣಿಗೆ ಬೀಳುತ್ತದೆ. ಹಿಡಿದವರು ಸಾಮಾನ್ಯವಾಗಿ ಅದನ್ನು ಮತ್ತೆ ನೀರಿಗೇ ಬಿಡುತ್ತಾರೆ.