ಓದಲು ಬಾರದ ಹುಡುಗನಿಗೊಂದು ಪೋಸ್ಟರ್

ಪುಣೆಯ ನಮ್ಮ ಬಡಾವಣೆಯ ಕನ್ನಡಿಗರೆಲ್ಲ ಸೇರಿ ಪ್ರತಿವರ್ಷ ರಾಜ್ಯೋತ್ಸವಕ್ಕೆ ಮಕ್ಕಳ ಕಬಡ್ಡಿ ಪಂದ್ಯ ಇಟ್ಟುಕೊಳ್ಳುತ್ತೇವೆ. ಕಂಪ್ಯೂಟರ್ ಕೆಲಸದವನು ಎಂಬ ಒಂದೇ ಕಾರಣಕ್ಕೆ ಕಳೆದ ವರ್ಷ ಪೋಸ್ಟರ್ ಮಾಡುವ ಹೊಣೆ ನನ್ನ ಹೆಗಲೇರಿತು. ಭುವನೇಶ್ವರಿಯ ಚಿತ್ರ, ಹಳದಿ-ಕೆಂಪು ಅಂಚು, ಪಂದ್ಯದ ನಿಯಮಗಳು, ಊಟದ ವಿವರ, ದೇಣಿಗೆ ಕೊಟ್ಟವರ ಫೋಟೊ ಎಲ್ಲವನ್ನೂ ತುಂಬಿದೆ. ಲಿಫ್ಟ್ ಪಕ್ಕದಲ್ಲಿ ಅಂಟಿಸಿದ ದಿನವೇ ಪಕ್ಕದ ಮನೆಯ ಎಂಟು ವರ್ಷದ ಹುಡುಗ ಕೇಳಿದ: ‘ಅಂಕಲ್, ಇದು ಯಾವ ಪೂಜೆದು?’

ಮನೆಯಲ್ಲಿ ಪಟಪಟ ಕನ್ನಡ ಮಾತಾಡುವ ಹುಡುಗ. ಆದರೆ ಶಾಲೆಯಲ್ಲಿ ಕಲಿತಿರುವುದು ಮರಾಠಿ, ಇಂಗ್ಲಿಷ್ ಅಕ್ಷರ. ಪಂದ್ಯ ಮಕ್ಕಳಿಗೆ, ಪೋಸ್ಟರ್ ಮಾತ್ರ ಅಪ್ಪ-ಅಮ್ಮಂದಿರಿಗೆ!

ಈ ವರ್ಷ ವಾರಾಂತ್ಯದ ಡಿಸೈನ್ ಕ್ಲಾಸಿಗೆ ಸೇರಿದೆ. ಯಾವುದಾದರೂ ಕ್ರೀಡಾಕೂಟಕ್ಕೆ ಪೋಸ್ಟರ್ ಯೋಚಿಸಿ ಎಂದು ಮೇಡಂ ಹೇಳಿದಾಗ ನಮ್ಮ ಕಬಡ್ಡಿಯನ್ನೇ ಗುಂಪಿನ ಮುಂದಿಟ್ಟೆ. ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಮನೆ. ಎಂಟು ನಿಮಿಷದಲ್ಲಿ ಎಂಟು ಚಿತ್ರ. ಚೆಂದ ಬರಬೇಕಿಲ್ಲ, ಆದರೆ ಯಾರೂ ಯಾರದನ್ನೂ ಟೀಕಿಸುವಂತಿಲ್ಲ. ಬ್ರೈನ್‌ಸ್ಟಾರ್ಮಿಂಗ್ ಅನ್ನು ಜನಪ್ರಿಯಗೊಳಿಸಿದ ಅಮೆರಿಕದ ಜಾಹೀರಾತು ತಜ್ಞ ಅಲೆಕ್ಸ್ ಆಸ್ಬರ್ನ್, 1953ರ ತಮ್ಮ ಪುಸ್ತಕದಲ್ಲಿ ಹೇಳಿದ್ದೂ ಇದನ್ನೇ: ಮೊದಲು ಐಡಿಯಾಗಳು ರಾಶಿ ಬೀಳಲಿ, ತೀರ್ಪು ಆಮೇಲೆ.

ದಿನವಿಡೀ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕುವ ನನಗೆ ಇದೇ ಕಷ್ಟವಾಯಿತು. ನನ್ನ ಎಂಟು ಮನೆಗಳಲ್ಲೂ ತೊಡೆ ತಟ್ಟುವ ಆಟಗಾರನೇ. ಗುಂಪಿನ ಕಾಲೇಜು ಹುಡುಗಿ ಒಂದು ಗೆರೆ, ಅದರತ್ತ ಚಾಚಿದ ಒಂದು ಕೈ ಬರೆದಿದ್ದಳು. ‘ಇದರಲ್ಲಿ ಆಟವೇ ಇಲ್ಲವಲ್ಲ’ ಎಂದುಬಿಟ್ಟೆ. ಅವಳು ಹಾಳೆ ಮಡಚತೊಡಗಿದಳು. ಮೇಡಂ ತಡೆದು ಗೋಡೆಗೆ ಅಂಟಿಸಿದರು. ಮುಂದಿನ ಸುತ್ತಿನಲ್ಲಿ ಇನ್ನೊಬ್ಬರು ಅದಕ್ಕೇ ಹಿಂದಿನಿಂದ ಕಾಲು ಹಿಡಿದ ಕೈಯೊಂದನ್ನು ಸೇರಿಸಿದರು. ಬೆರಳಿಗೂ ನಡುಗೆರೆಗೂ ಕೂದಲೆಳೆಯ ಅಂತರ. ಇಡೀ ಕಬಡ್ಡಿ ಅಲ್ಲಿತ್ತು! ನನ್ನ ಮಾತು ನಡೆದಿದ್ದರೆ ಅದು ಕಸದ ಬುಟ್ಟಿಯಲ್ಲಿರುತ್ತಿತ್ತು.

ಅಂದು ಮೇಡಂ 1964ರ ಟೋಕಿಯೊ ಒಲಿಂಪಿಕ್ಸ್ ಪೋಸ್ಟರ್ ತೋರಿಸಿದರು. ಯೂಸಾಕು ಕಾಮೆಕುರಾ ಅವರ ವಿನ್ಯಾಸ. ಬಿಳಿ ಹಾಳೆಯ ಮೇಲೆ ದೊಡ್ಡದೊಂದು ಕೆಂಪು ವೃತ್ತ, ಕೆಳಗೆ ಚಿನ್ನದ ಬಣ್ಣದ ಐದು ಉಂಗುರ, ಊರು ಮತ್ತು ವರ್ಷ, ಅಷ್ಟೇ. ಜಪಾನಿ ಓದಲು ಬಾರದ ವಿದೇಶಿಯರಿಗಾಗಿ ಆ ಕೂಟದಲ್ಲಿ ಪ್ರತಿ ಆಟಕ್ಕೂ ಒಂದೊಂದು ಸರಳ ಚಿತ್ರಸಂಕೇತ ಮಾಡಿದ್ದರು. ನನಗೆ ಪಕ್ಕದ ಮನೆಯ ಹುಡುಗ ನೆನಪಾದ. ನಮ್ಮ ಭಾಷೆಯ ಮಟ್ಟಿಗೆ ಅವನೂ ವಿದೇಶಿಯೇ.

ಅಕ್ಷರವೇ ಇಲ್ಲದ ಪೋಸ್ಟರ್ ಮಾಡಿ ಒಯ್ದೆ. ಧಾರವಾಡ ಕಡೆಯ ಹಿರಿಯರೊಬ್ಬರು ನೋಡಿ, ‘ರಾಜ್ಯೋತ್ಸವದ ಪೋಸ್ಟರಿನ್ಯಾಗ ಕನ್ನಡಾನ ಇಲ್ಲಂದ್ರ ಹ್ಯಾಂಗೋ ತಮ್ಮಾ?’ ಎಂದರು. ಈ ಸಲ ನಾನು ವಾದಿಸಲಿಲ್ಲ. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ‘ಕಬಡ್ಡಿ’ ಎಂಬ ಒಂದೇ ಪದ, ಅಡಿಯಲ್ಲಿ ದಿನ, ಹೊತ್ತು, ಜಾಗ ಬರೆದೆ. ದೇಣಿಗೆ ಕೊಟ್ಟವರಿಗೆ ಮೈಕಿನಲ್ಲಿ ವಂದನೆ ಹೇಳುವುದೆಂದು ಒಪ್ಪಿಸಿದೆ.

ಮೊನ್ನೆ ಲಿಫ್ಟ್ ಬಳಿ ಹುಡುಗ ಚಿತ್ರ ನೋಡಿದ. ‘ಕಬಡ್ಡಿ!’ ಎಂದ. ಆಮೇಲೆ ಕೆಳಗಿನ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಕೇಳಿದ: ‘ಹಾಗಾದ್ರೆ ಇದು ಕ, ಇದು ಬ... ಅಲ್ವಾ ಅಂಕಲ್?’