ಹೊಸ ಗ್ಯಾಸ್ಕೆಟ್ ಹಾಕೋ ಮುಂಚೆ ಹೆಡ್ ತೊಳೆದು ನೋಡಿ

ಹೋದ ವರ್ಷ ಮೃಗಶಿರ ಮಳೆಯಲ್ಲಿ ನಮ್ಮ ಟ್ರಾಕ್ಟರ್ ನಡುಹೊಲದಲ್ಲೇ ಕುದಿಯೋಕೆ ಶುರು ಮಾಡ್ತು. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬಿತ್ತನೆಗೆ ಸಿಗೋದು ನಾಲ್ಕು ಹದ ದಿನ. ನನ್ನ ಹೊಲ ಅಲ್ಲದೆ ಇನ್ನೂ ಮೂರು ಮನೆಯವರ ಹೊಲಕ್ಕೆ ಬರ್ತೀನಿ ಅಂತ ಮಾತು ಕೊಟ್ಟಿದ್ದೆ. ರೇಡಿಯೇಟರ್ ಕ್ಯಾಪ್ ತೆಗೆದು ಎಂಜಿನ್ ಚಾಲೂ ಮಾಡಿದ್ರೆ ನೀರಿನಲ್ಲಿ ಬುಳುಬುಳು ಗುಳ್ಳೆ. ಮೆಕ್ಯಾನಿಕ್ ನೋಡಿದವರೇ 'ಹೆಡ್ ಗ್ಯಾಸ್ಕೆಟ್ ಹೋಗಿದೆ' ಅಂದ್ರು. ಬದುವಿನ ಮೇಲೇ ಹೆಡ್ ಬಿಚ್ಚಿ, ಹಳೇ ಬಟ್ಟೇಲಿ ಒರೆಸಿ, ಹೊಸ ಗ್ಯಾಸ್ಕೆಟ್ ಹಾಕಿ, ಮೂರು ಗಂಟೆಯಲ್ಲಿ ಕೆಲಸ ಮುಗಿಸಿದ್ರು. ನನಗೂ ಅದೇ ಬೇಕಿತ್ತು, ಬೇಗ ಆದ್ರೆ ಸಾಕು ಅನ್ನಿಸಿತ್ತು.

ಹನ್ನೆರಡನೇ ದಿನಕ್ಕೆ ಮತ್ತೆ ಅದೇ ಗುಳ್ಳೆ. ಈ ಸಲ ಡಿಪ್‌ಸ್ಟಿಕ್ ಎಳೆದ್ರೆ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ಅಂದ್ರೆ ನೀರು ಆಯಿಲ್‌ಗೆ ಇಳೀತಿದೆ. 'ಹೆಡ್ಡೇ ಹೋಗಿದೆ ಯಜಮಾನ್ರೇ, ಹೊಸದು ತಂದುಬಿಡಿ' ಅನ್ನೋ ಮಾತು ಬಂತು. ಹೊಸ ಹೆಡ್ಡಿನ ರೇಟು ಕೇಳಿ ನನ್ನ ಬಾಯಿ ಒಣಗಿತು. ತರೋ ಮುಂಚೆ ಇದನ್ನೊಮ್ಮೆ ಸರಿಯಾಗಿ ನೋಡೋಣ ಅಂತ ಹೆಡ್ಡನ್ನು ಮನೆಗೆ ತಂದೆ.

ಬಿಚ್ಚೋದರಲ್ಲೇ ಅರ್ಧ ತಪ್ಪು ಆಗುತ್ತೆ, ಅದನ್ನ ಮೊದಲು ಹೇಳ್ತೀನಿ. ಎಂಜಿನ್ ಪೂರ್ತಿ ತಣ್ಣಗಾಗದೆ ಹೆಡ್ ಬೋಲ್ಟ್ ಮುಟ್ಟಬೇಡಿ. ಬಿಸಿಯಿದ್ದಾಗ ಸಡಿಲಿಸಿದ್ರೆ ಹೆಡ್ ಸೊಟ್ಟ ಆಗುತ್ತೆ. ಸಡಿಲಿಸುವಾಗ ಎರಡೂ ತುದಿಯಿಂದ ನಡುವಿಗೆ ಬರಬೇಕು, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ. ಪುಷ್‌ರಾಡ್, ವಾಲ್ವ್ ಎಲ್ಲಾ ಯಾವ ಜಾಗದ್ದು ಆ ಜಾಗಕ್ಕೇ ಹೋಗಬೇಕು. ನಾನು ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ ತೂತು ಹೊಡೆದು, ನಂಬರ್ ಬರೆದು, ಅದರಲ್ಲಿ ನಿಲ್ಲಿಸಿದೆ. ಎರಕದ ಹೆಡ್ ಭಾರ ಇರುತ್ತೆ, ಒಬ್ಬರೇ ಎತ್ತೋಕೆ ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ.

ಒರೆಸಿ ಶುದ್ಧ ಮಾಡೋ ಮುಂಚೆ ಗ್ಯಾಸ್ಕೆಟ್ಟನ್ನೂ ಹೆಡ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ರೋಗ ಎಲ್ಲಿದೆ ಅಂತ ಕೊಳಕೇ ಹೇಳುತ್ತೆ. ನಮ್ಮದರಲ್ಲಿ ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ ಕಪ್ಪಗೆ ಸುಟ್ಟ ಪಟ್ಟಿ ಇತ್ತು. ಎರಡೂ ಗ್ಯಾಸ್ಕೆಟ್ ಸುಟ್ಟಿದ್ದು ಅದೇ ಜಾಗದಲ್ಲಿ! ಹಾಗಾದ್ರೆ ತಪ್ಪು ಗ್ಯಾಸ್ಕೆಟ್‌ದಲ್ಲ ಅಂತ ಅಲ್ಲೇ ಗೊತ್ತಾಯ್ತು.

ಆಮೇಲೆ ತೊಳೆಯೋ ಕೆಲಸ. ವಾಲ್ವ್‌ಗಳು ಅವುಗಳ ಜಾಗದಲ್ಲೇ ಇರುವಾಗ ಹೆಡ್ಡಿನ ಮುಖದ ಕಾರ್ಬನ್ ಕೆರೆಯಬೇಕು, ಆಗ ಸೀಟಿಗೆ ಗೀರು ಬೀಳಲ್ಲ. ಡೀಸೆಲ್ ಹಚ್ಚಿ ಒಂದು ರಾತ್ರಿ ಬಿಟ್ಟೆ, ಬೆಳಿಗ್ಗೆ ಕಾರ್ಬನ್ ಮೆತ್ತಗಾಗಿತ್ತು. ಮರದ ಚಕ್ಕೆ, ಹಿತ್ತಾಳೆ ಬ್ರಷ್ ಸಾಕು. ಎರಕದ ಹೆಡ್ ಆದ್ರೆ ಮೊಂಡು ಸ್ಕ್ರೇಪರ್ ತಡೆಯುತ್ತೆ. ಅಲ್ಯೂಮಿನಿಯಂ ಹೆಡ್ಡಿಗೆ ಉಕ್ಕು ತಾಗಿಸಲೇ ಬಾರದು, ಕಾಸ್ಟಿಕ್ ಸೋಡಾ ನೀರಂತೂ ಬೇಡವೇ ಬೇಡ, ಲೋಹವನ್ನೇ ತಿನ್ನುತ್ತೆ. ಗ್ರೈಂಡರಿಗೆ ಸ್ಯಾಂಡ್‌ಪೇಪರ್ ಚಕ್ರ ಹಾಕಿ ಮುಖ ಉಜ್ಜೋದನ್ನ ತುಂಬಾ ಕಡೆ ನೋಡಿದೀನಿ. ಫಳಫಳ ಹೊಳೆಯುತ್ತೆ ನಿಜ, ಆದ್ರೆ ಕಣ್ಣಿಗೆ ಕಾಣದ ಗುಂಡಿ ಬೀಳುತ್ತೆ. ಹಳೇ ಗ್ಯಾಸ್ಕೆಟ್‌ನಲ್ಲಿ ಅಸ್ಬೆಸ್ಟಾಸ್ ಇರಬಹುದು, ಒಣಗಿದ್ದಾಗ ಕೆರೆದು ಧೂಳು ಕುಡಿಯಬೇಡಿ, ಒದ್ದೆ ಮಾಡಿ ತೆಗೀರಿ. ಪೆಟ್ರೋಲಿನಲ್ಲಿ ತೊಳೆಯೋ ಚಟ ಬಿಡಿ, ಒಂದು ಕಿಡಿ ಸಾಕು. ನಾಜಲ್ ತುದಿಯನ್ನು ತಂತಿಯಿಂದ ಚುಚ್ಚಬೇಡಿ, ಅದು ಪಂಪ್ ಅಂಗಡಿಯವರ ಕೆಲಸ.

ನನ್ನ ಹೊಟ್ಟೆಗೆ ಕಲ್ಲು ಬಿದ್ದಂತಾಗಿದ್ದು ನೀರಿನ ದಾರಿ ನೋಡಿದಾಗ. ಬೆರಳು ಆಡಬೇಕಾದ ತೂತಿನಲ್ಲಿ ಪೆನ್ಸಿಲ್ ಕೂಡ ಹೋಗ್ತಿರಲಿಲ್ಲ, ಒಳಗೆಲ್ಲಾ ಬಿಳಿ ಸುಣ್ಣದ ಪೊರೆ. ವರ್ಷಗಟ್ಟಲೆ ಬೋರಿನ ಗಡಸು ನೀರು ಹುಯ್ದದ್ದು ಯಾರು? ನಾನೇ. ಕುದಿಯೋ ಎಂಜಿನ್ನಿಗೆ ಕೊಡದಿಂದ ತಣ್ಣೀರು ಸುರಿದವನೂ ನಾನೇ. ಮೆಕ್ಯಾನಿಕ್ಕನ್ನ ಬೈಯೋ ಬಾಯಿ ಅಲ್ಲಿಗೆ ಮುಚ್ಚಿತು. ಸುಣ್ಣ ಕಟ್ಟಿದ ಕಡೆ ನೀರು ಓಡಲ್ಲ, ಶಾಖ ನಿಲ್ಲುತ್ತೆ, ಹೆಡ್ ಅಲ್ಲೇ ಬಾಗುತ್ತೆ, ಗ್ಯಾಸ್ಕೆಟ್ ಅಲ್ಲೇ ಸುಡುತ್ತೆ. ಬೆಚ್ಚಗಿನ ನೀರಿಗೆ ನಿಂಬೆ ಉಪ್ಪು ಕಲಸಿ, ಕೆಳಗಿನ ತೂತು ಮುಚ್ಚಿ ತುಂಬಿಸಿದೆ. ನೊರೆ ಎದ್ದು ಸುಣ್ಣ ಬಿಡ್ತು. ಎರಡು ಮೂರು ಸಲ ಹಾಗೆ ಮಾಡಿ, ಸೋಡಾಪುಡಿ ನೀರಿನಲ್ಲಿ ತೊಳೆದು, ಒಣಗಿಸಿ, ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿದೆ. ರಾತ್ರಿಯಿಡೀ ಹುಳಿ ನೀರಲ್ಲಿ ಬಿಡಬೇಡಿ, ಕಬ್ಬಿಣವನ್ನೂ ತಿನ್ನುತ್ತೆ.

ಶುದ್ಧ ಆದ ಮೇಲೆ ಪರೀಕ್ಷೆ. ಲೇತ್ ಅಂಗಡಿಯಿಂದ ಸ್ಟ್ರೈಟ್ ಎಡ್ಜ್, ಅಂದ್ರೆ ಬಾಗದ ಉಕ್ಕಿನ ಪಟ್ಟಿ ಕೇಳಿ ತಂದೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಅದರ ಕೆಳಗೆ ಫೀಲರ್ ಗೇಜಿನ ಎಲೆ ತೂರಿಸಿ ನೋಡಬೇಕು. ನಮ್ಮ ಗಾಡಿ ಪುಸ್ತಕದಲ್ಲಿ ಮಿತಿ 0.10 ಮಿ.ಮೀ. ಎರಡು-ಮೂರನೇ ಸಿಲಿಂಡರ್ ನಡುವೆ 0.20ರ ಎಲೆ ಸಲೀಸಾಗಿ ಒಳಗೆ ಹೋಯ್ತು. ಎಂಥ ಒಳ್ಳೇ ಗ್ಯಾಸ್ಕೆಟ್ ಹಾಕಿದ್ರೂ ಅಷ್ಟು ಸಂದಿ ಮುಚ್ಚಲ್ಲ. ನಿಮ್ಮ ಗಾಡಿಯ ಮಿತಿ ನಿಮ್ಮ ಪುಸ್ತಕದಲ್ಲೇ ನೋಡಿ.

ಇನ್ನು ಬಿರುಕು. ಎರಡನೇ ಸಿಲಿಂಡರಿನ ಎರಡು ವಾಲ್ವ್ ಸೀಟ್ ನಡುವೆ ಕೂದಲಿನಷ್ಟು ಗೆರೆ ಕಂಡು ಎದೆ ಧಸಕ್ ಅಂತು. ಬಿರುಕು ಬೀಳೋದೇ ಸಾಮಾನ್ಯವಾಗಿ ಆ ಜಾಗದಲ್ಲಿ. ಹಳೇ ಕಾಲದ ಉಪಾಯ ಒಂದಿದೆ: ಡೀಸೆಲ್ ಅಥವಾ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಒರೆಸಿ, ಚಾಕ್‌ಪೀಸ್ ಪುಡಿ ಉದುರಿಸೋದು. ಬಿರುಕಿದ್ರೆ ಒಳಗಿನ ಎಣ್ಣೆ ಮೇಲೆ ಬಂದು ಪುಡಿಯಲ್ಲಿ ಗೆರೆ ಮೂಡಿಸುತ್ತೆ. ಮಗಳ ಶಾಲೆ ಚೀಲದಿಂದ ಚಾಕ್‌ಪೀಸ್ ಕದ್ದು ತಂದು, ಕಾಲು ಗಂಟೆ ಉಸಿರು ಬಿಗಿ ಹಿಡಿದು ಕೂತೆ. ಪುಡಿ ಬೆಳ್ಳಗೇ ಉಳೀತು.

ಆದ್ರೂ ಲೇತ್ ಅಂಗಡಿಯ ಹಿರಿಯರು ಒಪ್ಪಲಿಲ್ಲ. 'ನೋಡಿ, ಆ ಪುಡಿ ಮೇಲಿಂದ ಮಾತ್ರ ಹೇಳುತ್ತೆ, ಒಳಗಿಂದು ಹೇಳಲ್ಲ' ಅಂದ್ರು. ನೀರಿನ ದಾರಿಗಳನ್ನೆಲ್ಲಾ ಮುಚ್ಚಿ, ಒಳಗೆ ಗಾಳಿ ತುಂಬಿಸಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ರು. ಒಂದೂ ಗುಳ್ಳೆ ಬರಲಿಲ್ಲ, ಗೆರೆ ಬರೀ ಗೀರು. ಗುಳ್ಳೆ ಬಂದಿದ್ರೆ ಆವತ್ತೇ ಹೊಸ ಹೆಡ್ಡಿಗೆ ದುಡ್ಡು ಹೊಂದಿಸ್ತಿದ್ದೆ, ಬಿರುಕು ಬಿಟ್ಟದ್ದನ್ನ ಬೆಸುಗೆ ಹಾಕಿಸಿ ಬಿತ್ತನೆಗೆ ಇಳಿಯೋ ಧೈರ್ಯ ನನಗಿಲ್ಲ.

ವಾಲ್ವ್ ಕೂರುತ್ತಾ ಇಲ್ವಾ ಅಂತ ನೋಡೋಕೆ ಹೆಡ್ಡನ್ನ ಪಕ್ಕಕ್ಕೆ ಮಲಗಿಸಿ ಹೊಗೆ ಮತ್ತು ಗಾಳಿಯ ದಾರಿಗೆ ಡೀಸೆಲ್ ಹುಯ್ಯಿರಿ. ಎರಡನೇ ಸಿಲಿಂಡರಿನ ಹೊಗೆ ವಾಲ್ವ್ ಸೋರ್ತು. ಪೇಸ್ಟ್ ಹಚ್ಚಿ ಆ ಕಡೆ ಈ ಕಡೆ ತಿರುಗಿಸಿ, ಆಗಾಗ ಎತ್ತಿ ಇಟ್ಟು ಅರೆದ ಮೇಲೆ, ಸುತ್ತಲೂ ಒಂದೇ ಅಗಲದ ಬೂದು ಬಣ್ಣದ ಉಂಗುರ ಬಂತು. ಪೇಸ್ಟ್ ಒಂದು ಚೂರೂ ಉಳಿಯದ ಹಾಗೆ ತೊಳೀಬೇಕು, ಉಳಿದ್ರೆ ಎಂಜಿನ್ನನ್ನೇ ಅರೆದು ಹಾಕುತ್ತೆ.

ಹೆಡ್ ಮುಖವನ್ನು ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿದೆ. ಎಷ್ಟು ಬೇಕೋ ಅಷ್ಟೇ ತೆಗೆಸಬೇಕು. ಜಾಸ್ತಿ ತೆಗೆದ್ರೆ ವಾಲ್ವ್ ಪಿಸ್ಟನ್ನಿಗೆ ಹತ್ತಿರ ಬರುತ್ತೆ, ನಾಜಲ್ ತುದಿ ಹೊರಗೆ ಚಾಚುತ್ತೆ. ಕೆಲಸ ಮುಗಿದ ಮೇಲೆ ಅವೆರಡನ್ನೂ ಅಳೆದು ಕೊಡಿ ಅಂತ ನೀವೇ ಕೇಳಿ. ಕೆಳಗಿನ ಬ್ಲಾಕಿನ ಮುಖಕ್ಕೂ ಅದೇ ಪಟ್ಟಿ ಇಟ್ಟು ನೋಡೋದನ್ನ ಮರೀಬೇಡಿ. ಬೋಲ್ಟ್ ತೂತುಗಳಲ್ಲಿ ನೀರು, ಆಯಿಲ್ ನಿಂತಿದ್ರೆ ಬಟ್ಟೆ ಸುತ್ತಿದ ಕಡ್ಡಿಯಿಂದ ತೆಗೀರಿ. ಹಾಗೇ ಬಿಗಿದ್ರೆ ಒತ್ತಡಕ್ಕೆ ಬ್ಲಾಕೇ ಸೀಳಬಹುದು. ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಟಾರ್ಕ್ ವ್ರೆಂಚ್ ಹಿಡಿದು ಪುಸ್ತಕದ ಲೆಕ್ಕಕ್ಕೆ. ಕೈಯಂದಾಜು ನಂಬಿ ಬಿಗಿಯೋರು ಬಹಳ ಜನ. ನಾನು ಆ ದಿನ ವ್ರೆಂಚ್ ಬಾಡಿಗೆಗೆ ತಂದೆ.

ಮತ್ತೆ ಆಯಿಲ್, ಫಿಲ್ಟರ್ ಬದಲಿಸಿದ್ದು, ಟ್ಯಾಪೆಟ್ ಸೆಟ್ ಮಾಡಿದ್ದು, ಪುಸ್ತಕದಲ್ಲಿ ಇದ್ದ ಹಾಗೆ 50 ಗಂಟೆ ಓಡಿದ ಮೇಲೆ ಬೋಲ್ಟ್ ಮತ್ತೆ ನೋಡಿದ್ದು. ಪುನರ್ವಸು ಮಳೆ ಹಿಡಿಯೋ ಹೊತ್ತಿಗೆ ಗಾಡಿ ಹೊಲದಲ್ಲಿತ್ತು. ಮೂರು ಮನೆಯಲ್ಲಿ ಒಬ್ಬರು ಕಾಯಲಾರದೆ ಬೇರೆ ಗಾಡಿ ಕರೆಸಿಕೊಂಡಿದ್ರು. ಅದು ನನ್ನ ನಷ್ಟ, ಅವರ ತಪ್ಪಲ್ಲ.

ಈಗ ರೇಡಿಯೇಟರಿಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಮತ್ತು ಕೂಲೆಂಟ್, ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ. ಕೂಲೆಂಟ್ ಇಲ್ಲದೆ ಬರೀ ಆ ನೀರು ಹಾಕಿದ್ರೆ ಸುಣ್ಣ ಕಟ್ಟಲ್ಲ, ತುಕ್ಕು ಹಿಡಿಯುತ್ತೆ. ಸೀಟಿನ ಹಿಂದೆ ಐದು ಲೀಟರ್ ಕ್ಯಾನಿನಲ್ಲಿ ಕಲಸಿದ್ದು ಯಾವಾಗಲೂ ಇರುತ್ತೆ. ಬೋರಿನ ಕೊಡ ಗಾಡಿ ಹತ್ತಿರ ತಂದ್ರೆ ಮಗಳೇ ಕಿರುಚುತ್ತಾಳೆ.