ಕಡಲ ಮೇಲೆ ಎರಡೇ ಎಂಜಿನ್

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಂದಿರನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗುರುತಿಸುವುದು ಸುಲಭ. ಸೀರೆಯ ಮೇಲೊಂದು ಸ್ವೆಟರ್, ಕಾಲಿಗೆ ಹೊಸ ಸ್ಪೋರ್ಟ್ಸ್ ಶೂ, ತೂಕ ಹೆಚ್ಚಾಯಿತೆಂದು ಅಲ್ಲೇ ನೆಲದ ಮೇಲೆ ಬಿಚ್ಚಿಟ್ಟ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಅಂಟಿನುಂಡೆಯ ಡಬ್ಬಿ. ಸಾಮಾನಿನ ಚಿಂತೆ ಕಳೆದ ಮೇಲೆ ಅವರಲ್ಲಿ ಉಳಿಯುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಅಷ್ಟು ಹೊತ್ತು ಸಮುದ್ರದ ಮೇಲೇ ಹೋಗುತ್ತಂತಲ್ಲ, ಎಂಜಿನ್ ಕೆಟ್ಟರೆ ಎಲ್ಲಿ ಇಳಿಸ್ತಾರೆ?’ ಬಿಡಲು ಬಂದ ಮಗ ‘ಏನೂ ಆಗಲ್ಲಮ್ಮ, ನಿದ್ದೆ ಮಾಡ್ತಾ ಹೋಗು’ ಎಂದು ಮಾತು ಮುಗಿಸುತ್ತಾನೆ. ಆದರೆ ಅಮ್ಮ ಕೇಳಿದ್ದು ಪೆದ್ದು ಪ್ರಶ್ನೆಯೇನಲ್ಲ. ವಿಮಾನಯಾನದ ನಿಯಮ ಬರೆಯುವವರು ಎಪ್ಪತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದು ಇದಕ್ಕೇ.

1953ರಲ್ಲಿ ಅಮೆರಿಕ ಒಂದು ನಿಯಮ ತಂದಿತು. ಎರಡು ಎಂಜಿನ್‌ಗಳ ವಿಮಾನ, ಒಂದು ಕೈಕೊಟ್ಟರೂ ಇನ್ನೊಂದರ ಬಲದಲ್ಲಿ 60 ನಿಮಿಷದೊಳಗೆ ಯಾವುದಾದರೊಂದು ನಿಲ್ದಾಣ ಮುಟ್ಟುವಂತಿರಬೇಕು. ಅದಕ್ಕಿಂತ ದೂರ ಹೋಗಕೂಡದು. ಆಗಿನವು ಪಿಸ್ಟನ್ ಎಂಜಿನ್‌ಗಳು, ಕೆಡುತ್ತಲೇ ಇರುತ್ತಿದ್ದವು. ಆ ನಿಯಮ ಉಳಿದದ್ದರಿಂದ ಜೆಟ್ ಬಂದ ಮೇಲೂ ಬಹುಕಾಲ ಸಾಗರ ದಾಟುವ ಕೆಲಸ ಮೂರು, ನಾಲ್ಕು ಎಂಜಿನ್‌ಗಳ ವಿಮಾನಗಳದೇ ಆಗಿತ್ತು. 1985ರ ಫೆಬ್ರುವರಿಯಲ್ಲಿ ಟಿಡಬ್ಲ್ಯುಎ ಕಂಪನಿಯ ಬೋಯಿಂಗ್ 767, ಎರಡು ಗಂಟೆಯ ಅನುಮತಿ ಪಡೆದು ಬಾಸ್ಟನ್‌ನಿಂದ ಪ್ಯಾರಿಸ್‌ಗೆ ಅಟ್ಲಾಂಟಿಕ್ ದಾಟಿತು. 1988ರಲ್ಲಿ ಎರಡು ಗಂಟೆ ಮೂರಾಯಿತು. ಈಗ ಏರ್‌ಬಸ್ 350ಕ್ಕೆ 370 ನಿಮಿಷಗಳವರೆಗೆ ಅನುಮತಿಯಿದೆ: ಒಂದೇ ಎಂಜಿನ್ನಿನಲ್ಲಿ ಆರು ಗಂಟೆಗೂ ಹೆಚ್ಚು! ಈ ವ್ಯವಸ್ಥೆಯ ಹೆಸರು ಇಟಾಪ್ಸ್. ಅದರ ಇಂಗ್ಲಿಷ್ ಅಕ್ಷರಗಳಿಗೆ ಪೈಲಟ್‌ಗಳು ತಮಾಷೆಗೆ ಬೇರೆಯೇ ಅರ್ಥ ಹಚ್ಚಿದ್ದಾರೆ: ಎಂಜಿನ್ ತಿರುಗಬೇಕು, ಇಲ್ಲವೇ ಪ್ರಯಾಣಿಕರು ಈಜಬೇಕು.

ತಮಾಷೆ ಕರಾಳವಾದರೂ ಲೆಕ್ಕ ಬಿಗಿಯಾಗಿದೆ. ಮೂರು ಗಂಟೆಯ ಅನುಮತಿ ಬೇಕಾದರೆ ಆ ಮಾದರಿಯ ಎಂಜಿನ್ ಹಾರಾಟದ ನಡುವೆ ನಿಂತುಹೋಗುವ ಪ್ರಮಾಣ ಸಾವಿರ ಗಂಟೆಗೆ 0.02ರ ಒಳಗಿರಬೇಕು. ಅಂದರೆ 50,000 ಗಂಟೆ ಓಡಿದರೆ ಒಂದು ಸಲ. ವಿಮಾನ ತಯಾರಿಸಿದ ಕಂಪನಿಗೆ ಸಿಕ್ಕ ಒಪ್ಪಿಗೆಯಷ್ಟೇ ಸಾಲದು, ಅದನ್ನು ಹಾರಿಸುವ ಸಂಸ್ಥೆಯೂ ತನ್ನ ದುರಸ್ತಿಯ ಶಿಸ್ತನ್ನು ತೋರಿಸಿ ಬೇರೆಯಾಗಿ ಅನುಮತಿ ಪಡೆಯಬೇಕು.

ಈ ಶಿಸ್ತು ಏಕೆ ಬೇಕೆಂಬುದಕ್ಕೆ 1983ರ ಮೇ 5ರ ಒಂದು ಪ್ರಸಂಗ ಸಾಕು. ಮಯಾಮಿಯಿಂದ ಬಹಾಮಾಸ್‌ಗೆ ಹೊರಟಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ ವಿಮಾನಕ್ಕೆ ಮೂರು ಎಂಜಿನ್. ಹಿಂದಿನ ರಾತ್ರಿ ಮೆಕ್ಯಾನಿಕ್‌ಗಳು ಮೂರರಲ್ಲೂ ಒಂದು ಪುಟ್ಟ ಬಿಡಿಭಾಗವನ್ನು ಬದಲಿಸಿದ್ದರು, ಅದರ ಸುತ್ತ ಕೂರಬೇಕಾದ ರಬ್ಬರ್ ರಿಂಗ್‌ಗಳನ್ನು ಹಾಕಿರಲಿಲ್ಲ. ಮೂರರಿಂದಲೂ ಆಯಿಲ್ ಸೋರಿ, ಮೂರೂ ನಿಂತವು. ನೀರಿಗೆ ಇಳಿಯಲು ಸಿದ್ಧರಾಗಿ ಎಂದು ಪ್ರಯಾಣಿಕರಿಗೆ ಹೇಳಿಯೂ ಆಗಿತ್ತು. ಅಷ್ಟರಲ್ಲಿ, ಮುಂಜಾಗ್ರತೆಗೆಂದು ಮೊದಲೇ ಆರಿಸಿಟ್ಟಿದ್ದ ಎಂಜಿನ್ ಮತ್ತೆ ಹೊತ್ತಿಕೊಂಡಿತು. 172 ಮಂದಿಯೂ ಮಯಾಮಿಗೆ ಮರಳಿದರು. ಮೂರು ಎಂಜಿನ್ ಇದ್ದೂ ಅಂದು ಏನು ಬಂತು? ಒಂದೇ ಸರದಿಯಲ್ಲಿ ಮೂರೂ ಕಡೆ ಒಂದೇ ತಪ್ಪು ನಡೆದಿತ್ತು. ಇಂದು ಸಾಗರ ದಾಟುವ ವಿಮಾನದ ಎರಡೂ ಎಂಜಿನ್‌ಗಳಲ್ಲಿ ಒಂದೇ ಬಗೆಯ ಕೆಲಸವನ್ನು ಒಬ್ಬನೇ ಮೆಕ್ಯಾನಿಕ್ ಒಂದೇ ಸರದಿಯಲ್ಲಿ ಮಾಡದಂತೆ ನೋಡಿಕೊಳ್ಳುತ್ತಾರೆ.

ಇನ್ನು, ಎಲ್ಲಿ ಇಳಿಸುತ್ತಾರೆ ಎಂಬ ಪ್ರಶ್ನೆ. ಉತ್ತರ ವಿಮಾನ ಏರುವ ಮೊದಲೇ ಕಾಗದದ ಮೇಲಿರುತ್ತದೆ. ಅಟ್ಲಾಂಟಿಕ್ ಆದರೆ ಕೆನಡಾದ ಗ್ಯಾಂಡರ್, ಐಸ್‌ಲ್ಯಾಂಡ್‌ನ ಕೆಫ್ಲಾವಿಕ್, ಅಝೋರ್ಸ್ ದ್ವೀಪಗಳ ಲಾಜೆಸ್. ಪೆಸಿಫಿಕ್ ಆದರೆ ಅಲಾಸ್ಕಾದ ಆ್ಯಂಕರೇಜ್, ಕೋಲ್ಡ್ ಬೇ. ಎರಡು ನಿಲ್ದಾಣಗಳ ನಡುವೆ, ಹಿಂದಕ್ಕೂ ಮುಂದಕ್ಕೂ ಸಮನಾದ ಸಮಯ ಹಿಡಿಯುವ ಬಿಂದುವನ್ನು ಅಂದಿನ ಗಾಳಿ ನೋಡಿ ಗುರುತಿಸುತ್ತಾರೆ. ಅದನ್ನು ದಾಟುವ ಮುನ್ನ ತೊಂದರೆಯಾದರೆ ಹಿಂದಿನ ಊರು, ದಾಟಿದ ಮೇಲಾದರೆ ಮುಂದಿನದು. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಎಂಜಿನ್ನಿನದು ಎಂದು ನಾವು ತಿಳಿದಿದ್ದೇವೆ. ಯೋಜಕರ ತಲೆನೋವು ಬೇರೆ. ಕ್ಯಾಬಿನ್ ಒತ್ತಡ ಹೋದರೆ ವಿಮಾನ 10,000 ಅಡಿಗೆ ಇಳಿಯಬೇಕು, ಅಲ್ಲಿ ಇಂಧನ ಬೇಗ ಖಾಲಿಯಾಗುತ್ತದೆ. ಸರಕಿನ ಕೋಣೆಯಲ್ಲಿ ಬೆಂಕಿ ಬಿದ್ದರೆ ಅದನ್ನು ಅದುಮಿಡುವ ಅನಿಲ ನಿಲ್ದಾಣ ತಲುಪುವವರೆಗೆ ಸಾಲಬೇಕು, ಮೇಲೆ ಇನ್ನೂ 15 ನಿಮಿಷಕ್ಕೆ ಉಳಿಯಬೇಕು.

ಕಾಗದದ ಮೇಲಿನ ಆ ಊರಿಗೆ ನಿಜಕ್ಕೂ ಹೋಗಿ ಇಳಿದವರನ್ನು 2023ರ ಜೂನ್‌ನಲ್ಲಿ ಕಂಡೆವು. ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾದ ಬೋಯಿಂಗ್ 777ರ ಒಂದು ಎಂಜಿನ್ನಿನಲ್ಲಿ ತೊಂದರೆ ಕಂಡಿತು. ರಷ್ಯಾದ ಪೂರ್ವದಂಚಿನ ಮಗದಾನ್‌ನಲ್ಲಿ ಇಳಿಸಿದರು. 216 ಪ್ರಯಾಣಿಕರು, 16 ಸಿಬ್ಬಂದಿ, ಯಾರಿಗೂ ಏನೂ ಆಗಲಿಲ್ಲ. ಆದರೆ ಅಷ್ಟು ಜನರಿಗೆ ಆ ಪುಟ್ಟ ಊರಲ್ಲಿ ಹೋಟೆಲ್ ಎಲ್ಲಿ ಬಂತು? ಹಲವರು ಶಾಲೆಯ ನೆಲದ ಮೇಲೆ ಹಾಸಿದ ಹಾಸಿಗೆಗಳಲ್ಲಿ ಮಲಗಿದರು, ಭಾಷೆ ಬಾರದು, ಊಟ ಒಗ್ಗದು. ಬದಲಿ ವಿಮಾನ ಬಂದು ಕರೆದೊಯ್ದದ್ದು ಮೂರನೆಯ ದಿನ. ಕಡಲ ಮೇಲೆ ಎಂಜಿನ್ ಕೆಟ್ಟರೆ ಬಹುಪಾಲು ಆಗುವುದು ಇಂಥದ್ದೇ. ಬಿಪಿ ಮಾತ್ರೆ ಕೈಚೀಲದಲ್ಲಿರಲಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೆ.

ಎಂಜಿನ್ ಹೆಚ್ಚಿದ್ದರೆ ಧೈರ್ಯ ಹೆಚ್ಚು ಅನ್ನುವವರಿಗೆ ‘ಸಾಮ್ರಾಟ್ ಅಶೋಕ’ನ ಕಥೆ ಹೇಳಬೇಕು. ಏರ್ ಇಂಡಿಯಾದ ಮೊದಲ ಜಂಬೊ, ನಾಲ್ಕು ಎಂಜಿನ್. 1978ರ ಜನವರಿ 1ರ ರಾತ್ರಿ ಮುಂಬೈನಿಂದ ದುಬೈಗೆ ಏರಿದ ಕೆಲವೇ ನಿಮಿಷಗಳಲ್ಲಿ ಬಾಂದ್ರಾದ ಬಳಿ ಸಮುದ್ರಕ್ಕೆ ಬಿದ್ದು 213 ಮಂದಿ ಸತ್ತರು. ವಿಮಾನ ಯಾವ ಕಡೆ ವಾಲಿದೆ ಎಂದು ತೋರಿಸುವ ಉಪಕರಣ ಕತ್ತಲಲ್ಲಿ ಕ್ಯಾಪ್ಟನ್‌ನ ದಾರಿ ತಪ್ಪಿಸಿತ್ತು. ಅಪಾಯ ಹೆಚ್ಚಿರುವುದು ಏರುವಾಗ, ಇಳಿಯುವಾಗ ಎಂಬುದನ್ನು ನಮ್ಮ ಕರಾವಳಿಯವರಿಗಂತೂ ವಿವರಿಸಬೇಕಾಗಿಲ್ಲ. 2010ರ ಮೇ 22ರಂದು ದುಬೈನಿಂದ ಹೊರಟವರು ಅರಬ್ಬೀ ಸಮುದ್ರವನ್ನು ಸುಖವಾಗಿ ದಾಟಿಬಂದಿದ್ದರು. ಬೆಳಗಿನ ಜಾವ ಬಜ್ಪೆಯ ರನ್‌ವೇ ಮೀರಿ ವಿಮಾನ ಕಮರಿಗೆ ಉರುಳಿತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. 2025ರ ಜೂನ್‌ನಲ್ಲಿ ಅಹಮದಾಬಾದ್‌ನಿಂದ ಲಂಡನ್‌ಗೆ ಏರಿದ ವಿಮಾನಕ್ಕೆ ಒಂದು ನಿಮಿಷವೂ ಸಿಗಲಿಲ್ಲ. ಕೆಳಗೆ ನೀರು ಕಂಡಾಗ ಎದೆ ಹೊಡೆದುಕೊಳ್ಳುತ್ತದೆ, ಮನೆ ಮರ ಕಂಡೊಡನೆ ನಿರಾಳವಾಗುತ್ತದೆ. ಅಪಘಾತದ ದಾಖಲೆ ನೋಡಿದರೆ ಇದು ತಿರುಗುಮುರುಗಾಗಬೇಕಿತ್ತು.

ನಡುಗಡಲಲ್ಲಿ ಅನಾಹುತವೇ ಆಗಿಲ್ಲವೆಂದಲ್ಲ. 2009ರ ಜೂನ್ 1ರಂದು ರಿಯೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ ವಿಮಾನ 228 ಮಂದಿಯೊಂದಿಗೆ ಅಟ್ಲಾಂಟಿಕ್‌ಗೆ ಬಿತ್ತು. ಎರಡೂ ಎಂಜಿನ್ ಕೊನೆಯವರೆಗೂ ಓಡುತ್ತಿದ್ದವು. ವೇಗ ಅಳೆಯುವ ನಳಿಕೆಗಳಲ್ಲಿ ಮಂಜುಗಡ್ಡೆ ಕಟ್ಟಿತು, ಆಟೊಪೈಲಟ್ ಕೈಬಿಟ್ಟಿತು, ಗೊಂದಲಗೊಂಡ ಪೈಲಟ್ ಮೂತಿಯನ್ನು ಮೇಲೆತ್ತಿಯೇ ಹಿಡಿದರು. ನಾಲ್ಕೂವರೆ ನಿಮಿಷದೊಳಗೆ ಎಲ್ಲ ಮುಗಿಯಿತು. ಬ್ಲ್ಯಾಕ್ ಬಾಕ್ಸ್ ಎತ್ತಲು ಸುಮಾರು ಎರಡು ವರ್ಷ ಬೇಕಾಯಿತು. 2014ರಲ್ಲಿ 239 ಮಂದಿಯ ಮಲೇಷ್ಯಾ ವಿಮಾನ ಕಾಣೆಯಾಯಿತು. ಸಾಗರದ ಮೇಲೆ ಹಾರುವ ದೊಡ್ಡ ವಿಮಾನಗಳು ಎಲ್ಲಿವೆ ಎಂದು 15 ನಿಮಿಷಕ್ಕೊಮ್ಮೆಯಾದರೂ ಗೊತ್ತಿರಬೇಕು ಎಂಬ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂದದ್ದು 2018ರಲ್ಲಿ. ಕೈಲಿದ್ದ ಮೊಬೈಲ್ ಎಲ್ಲಿದೆ ಎಂದು ತಿಳಿಯುತ್ತಿದ್ದ ಕಾಲದಲ್ಲಿ ಇಷ್ಟು ತಡವಾದದ್ದು ನಾಚಿಕೆಯ ವಿಷಯ.

ನೀರಿಗೇ ಇಳಿಯಬೇಕಾದರೆ? ಸೀಟಿನ ಕೆಳಗಿನ ಲೈಫ್ ಜಾಕೆಟ್ಟಿನ ಬಗ್ಗೆ ತಿಳಿದಿರಬೇಕಾದ ಮಾತು ಒಂದಿದೆ. 1996ರಲ್ಲಿ ಅಪಹರಣಕಾರರ ಕೈಗೆ ಸಿಕ್ಕ ಇಥಿಯೋಪಿಯಾದ ವಿಮಾನವೊಂದು ಇಂಧನ ಮುಗಿದು ಕೊಮೊರೊಸ್ ದ್ವೀಪದ ದಡದ ಬಳಿ ನೀರಿಗೆ ಬಿತ್ತು. ಪೆಟ್ಟಿನಲ್ಲಿ ಬದುಕುಳಿದವರಲ್ಲಿ ಹಲವರು ಒಳಗೇ ಜಾಕೆಟ್ ಉಬ್ಬಿಸಿಕೊಂಡಿದ್ದರು. ನೀರು ನುಗ್ಗಿದಾಗ ಅದು ಅವರನ್ನು ಛಾವಣಿಗೆ ಒತ್ತಿ ಹಿಡಿಯಿತು, ಬಾಗಿಲತ್ತ ಮುಳುಗಿ ಬರಲಾಗಲಿಲ್ಲ. ಹೊರಬಂದ ಮೇಲೆಯೇ ಹಿಡಿ ಎಳೆಯಬೇಕು, ಒಳಗೆ ಎಳೆಯಬಾರದು. ಬೆಂಗಳೂರಿನಿಂದ ಏರುವ ಎಷ್ಟೋ ವಿಮಾನಗಳಲ್ಲಿ ಇದನ್ನು ಇಂಗ್ಲಿಷ್, ಹಿಂದಿಗಳಲ್ಲಿ ಗಡಿಬಿಡಿಯಿಂದ ಹೇಳಿ ಮುಗಿಸುತ್ತಾರೆ, ಬೆಲ್ಟಿನ ತುದಿ ಎಲ್ಲಿದೆಯೆಂದು ಹಿರಿಯರಿನ್ನೂ ತಡಕಾಡುತ್ತಿರುವಾಗಲೇ. ಮುಂದಿನ ಪರದೆಯಲ್ಲಿ ಕನ್ನಡ ಸಿನಿಮಾ ಹಾಕುವ ವಿಮಾನಗಳಿವೆ. ಆ ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಲು ಹತ್ತು ಸೆಕೆಂಡೂ ಬೇಡ.